ಇಸ್ತ್ರಿ ಸಾಹೇಬರ ನೀರಿನ ಲೆಕ್ಕ

ಬೆಳಗ್ಗೆ ಆರು ಗಂಟೆ ಐವತ್ತು ನಿಮಿಷಕ್ಕೆ ಆತ ಲಾಂಚಿನ ಮುಂದಿನ ಕ್ಯಾಬಿನ್ನಿನಲ್ಲಿ ಕೂತು ಎಡಗಾಲಿನ ಶೂಗೆ ಪಾಲಿಶ್ ಹಚ್ಚುತ್ತಿದ್ದ. ಬಲಗಾಲಿನದು ಆಗಲೇ ಮುಗಿದಿತ್ತು. ಸಮಯ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ಗೋಡೆಯ ಗಡಿಯಾರ ಆ ಹೊಡೆತಕ್ಕೆ ಕೆಳಗೆ ಬಿದ್ದು ಅಲ್ಲಿಗೇ ನಿಂತುಬಿಟ್ಟಿತು. ಮೊದಲು ತಳದಲ್ಲಿ ಕಲ್ಲು ಕೆರೆದ ಸದ್ದು, ಆಮೇಲೆ ಒಂದೇ ಒಂದು ಕುಲುಕು. ಪಾಲಿಶ್ ಡಬ್ಬಿ ಉರುಳಿಕೊಂಡು ಬಾಗಿಲಾಚೆ ಹೋಯಿತು. ಆತ ಒಂದೇ ಶೂನಲ್ಲಿ ಮೇಲೆ ಓಡಿದ.

ಮೇಲೆ ಮಂಜು ಕವಿದಿತ್ತು. ಕೈ ಚಾಚಿದರೆ ಕೈ ಕಾಣುತ್ತಿರಲಿಲ್ಲ. ಗಂಟೆ ಒಂಬತ್ತಾದ ಮೇಲೆ ಮಂಜು ಕರಗಿ, ಎಲ್ಲಿದ್ದೇವೆ ಎಂದು ತಿಳಿಯಿತು. ಲಾಂಚು ಎರಡು ಬಂಡೆಗಳ ನಡುವೆ ಬೆಣೆ ಹೊಡೆದ ಹಾಗೆ ನೆಟ್ಟಗೆ ಕಚ್ಚಿಕೊಂಡಿತ್ತು. ಬಂಡೆಗಳ ಆಚೆ ಒಂದು ಬೋಳು ದ್ವೀಪ. ಒಂದು ತುದಿಯಿಂದ ಇನ್ನೊಂದಕ್ಕೆ ಆರುನೂರು ಹೆಜ್ಜೆ. ಮರವಿಲ್ಲ, ತೊರೆಯಿಲ್ಲ. ಸಣ್ಣ ದೋಣಿ ಪುಡಿಯಾಗಿತ್ತು. ವೈರ್‌ಲೆಸ್ಸಿನ ಬ್ಯಾಟರಿಗೆ ಉಪ್ಪುನೀರು ನುಗ್ಗಿ ಅದು ಮೂಕಾಗಿತ್ತು. ಚುಕ್ಕಾಣಿ ಹಿಡಿದಿದ್ದ ಚಾಲಕನ ತಲೆ ಒಡೆದು, ಭುಜದ ಮೂಳೆ ಮುರಿದಿತ್ತು.

ಹದಿನಾಲ್ಕು ಮಂದಿ ಇದ್ದರು. ಚಾಲಕ, ಎಂಜಿನ್ ನೋಡಿಕೊಳ್ಳುವ ಮುದಿ ಮೇಸ್ತ್ರಿ, ಆತ. ಪ್ರಯಾಣಿಕರಲ್ಲಿ ಮೊಮ್ಮಗಳ ಬಾಣಂತನಕ್ಕೆ ಹೊರಟ ಒಬ್ಬ ಅಜ್ಜಿ, ರಜೆ ಮುಗಿಸಿ ಕೆಲಸಕ್ಕೆ ಮರಳುತ್ತಿದ್ದ ನರ್ಸಮ್ಮ, ಹೊಲಿದ ಬಟ್ಟೆ ತಲುಪಿಸಲು ಹೊರಟ ದರ್ಜಿ; ಉಳಿದ ಎಂಟು ಜನ ಐಸ್ ಕಾರ್ಖಾನೆಯ ಕೆಲಸಗಾರರು, ಗಂಡಸರೂ ಹೆಂಗಸರೂ. ಆ ಹದಿಮೂರು ಜನರೂ ಆತನ ಮುಖ ನೋಡಿದರು. ಲಾಂಚು ಅವನಪ್ಪನದು.

ಅಂಥ ಲಾಂಚುಗಳು ಅಪ್ಪನಿಗೆ ಏಳಿದ್ದವು. ಬಂದರಿನ ಬೀದಿಯ ಕಚೇರಿಯಲ್ಲಿ, ಮೊದಲ ಮಹಡಿಯಲ್ಲಿ, ಗಾಜು ಹಾಸಿದ ಮೇಜಿನ ಹಿಂದೆ ಆತ ಆರು ವರ್ಷ ಕೂತಿದ್ದ. ಕೈಗೆಟಕುವಲ್ಲಿ ಕರೆಗಂಟೆ, ತಲೆಯ ಮೇಲೆ ಫ್ಯಾನು, ಎಡಗಡೆ ಕಿಟಕಿ. ಆ ಕಿಟಕಿಯಿಂದ ಲಾಂಚುಗಳ ಚಾವಣಿ ಮಾತ್ರ ಕಾಣುತ್ತಿತ್ತು. ಸಂಜೆ ಐದಕ್ಕೆ ಮೆಟ್ಟಿಲಿಳಿಯುವಾಗಲೂ ಅಂಗಿಯ ತೋಳಿನ ಮಡಿಕೆ ಬೆಳಗ್ಗೆ ಇದ್ದ ಹಾಗೇ ಇರುತ್ತಿತ್ತು. ಲಾಂಚುಗಳು ಬಂದು ನಿಲ್ಲುವ ಧಕ್ಕೆಯ ಜನ ಅವನಿಗೆ ಇಸ್ತ್ರಿ ಸಾಹೇಬ ಎಂದು ಹೆಸರಿಟ್ಟಿದ್ದರು. ಒಂದು ದಿನ ಅಪ್ಪನ ಕಿವಿಗೂ ಅದು ಬಿತ್ತು.

"ಇಪ್ಪತ್ತೊಂಬತ್ತಾಯ್ತು ನಿಂಗೆ. ಒಂದ್ಸಲನಾದ್ರೂ ಲಾಂಚಲ್ಲಿ ಹೋಗಿ ಬಾ. ಅಂಗಿ ಮುದುರಿದ್ರೆ ಹೊಸದು ಹೊಲಿಸ್ಕೊಡ್ತೀನಿ," ಎಂದಿದ್ದರು.

ಹೊರಟ ಸಂಜೆ ಆತ ಚಾಲಕನಿಗೆ, "ಬೇಗ ಹೋಗೋ ದಾರಿ ಯಾವುದೂ ಇಲ್ವಾ? ನಾಳೆ ಮಧ್ಯಾಹ್ನ ಊಟಕ್ಕೆ ಒಬ್ಬರು ಕಾಯ್ತಿರ್ತಾರೆ," ಎಂದು ಕೇಳಿದ್ದ. ಇತ್ತು. ಬಂಡೆಗಳ ನಡುವಿನ ಒಳದಾರಿ. ಮಂಜಿನ ಕಾಲದಲ್ಲಿ ಅದರಲ್ಲಿ ಯಾರೂ ಹೋಗುವುದಿಲ್ಲ. ಚಾಲಕ ಒಮ್ಮೆ ಆಕಾಶದ ಕಡೆ ನೋಡಿ, "ಆಗ್ಲಿ ಸಾಹೇಬ್ರೆ," ಎಂದಿದ್ದ. ಈಗ ಹುಡುಕುವವರೆಲ್ಲ ಹೊರದಾರಿಯಲ್ಲಿ ಹುಡುಕುತ್ತಿದ್ದರು.

"ಈ ಕಡೆ ಬರೋದು ಉಪ್ಪಿನ ದೋಣಿ ಒಂದೇ," ಎಂದರು ಮೇಸ್ತ್ರಿ. "ತಿಂಗಳಿಗೊಂದು ಸಲ. ಇವತ್ತಿಗೆ ಹನ್ನೊಂದು ದಿನ ಬಾಕಿ."

ತಿನ್ನಲು ತೊಂದರೆಯಿರಲಿಲ್ಲ. ಸರಕಿನಲ್ಲಿ ಎಂಟು ಪೆಟ್ಟಿಗೆ ಬಿಸ್ಕತ್ತು ಇತ್ತು. ಪ್ರಶ್ನೆ ಇದ್ದದ್ದು ಕುಡಿಯುವ ನೀರಿನದು. ಲಾಂಚಿನ ಹೊಟ್ಟೆಯಲ್ಲಿ ಒಂದು ನೀರಿನ ಟ್ಯಾಂಕು. ಅದಕ್ಕೊಂದು ಮುಚ್ಚಳ, ಮುಚ್ಚಳದ ಪಕ್ಕ ಇಂಚಿನ ಗುರುತು ಕೊರೆದ ಮರದ ಕೋಲು. ತುಂಬಿದಾಗ ಇಪ್ಪತ್ತನಾಲ್ಕು ಇಂಚು. ಅಂದು ಮಧ್ಯಾಹ್ನ ಆತ ಕೋಲು ಇಳಿಸಿ ತೆಗೆದಾಗ ಇಪ್ಪತ್ತರವರೆಗೆ ಒದ್ದೆಯಾಗಿತ್ತು. ನರ್ಸಮ್ಮನನ್ನು ಕೇಳಿ, ಒಬ್ಬರಿಗೆ ದಿನಕ್ಕೆ ಏಳು ಲೋಟ ಎಂದು ನಿಗದಿ ಮಾಡಿದ. ಮರುದಿನ ಮಧ್ಯಾಹ್ನ ಹದಿನೆಂಟೂವರೆ. ದಿನಕ್ಕೆ ಒಂದೂವರೆ ಇಂಚು ಇಳಿಯುತ್ತದೆ; ಉಳಿದ ಹದಿನೆಂಟೂವರೆಯನ್ನು ಒಂದೂವರೆಯಿಂದ ಭಾಗಿಸಿದರೆ ಹನ್ನೆರಡಕ್ಕಿಂತ ತುಸು ಹೆಚ್ಚು. ದೋಣಿಗೆ ಹತ್ತೇ ದಿನ.

ಆತ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತ. "ಹನ್ನೆರಡು ದಿನಕ್ಕೆ ನೀರಿದೆ. ಯಾರೂ ಹೆದರೋದು ಬೇಡ."

ಐಸ್ ಕಾರ್ಖಾನೆಯವರು ಚಪ್ಪಾಳೆಯನ್ನೇ ತಟ್ಟಿದರು. ಅಜ್ಜಿ, "ಪರವಾಗಿಲ್ಲ, ಇಸ್ತ್ರಿ ಮಾಡಿರೋದು ಅಂಗಿಗೆ ಮಾತ್ರ ಅಂದ್ಕೊಂಡಿದ್ದೆ, ತಲೆಗೂ ಮಾಡ್ಸಿದಾರೆ," ಎಂದಳು. ಆತನಿಗೆ ನಗು ಬಂತು. ಜೀವನದಲ್ಲಿ ಮೊದಲ ಸಲ ಕರೆಗಂಟೆ ಒತ್ತದೆ ಜನ ಅವನ ಮಾತು ಕೇಳಿದ್ದರು. ಮೇಸ್ತ್ರಿ ಮಾತ್ರ ಎಂಜಿನ್ನಿನ ಬಟ್ಟೆಯಲ್ಲಿ ಕೈ ಒರೆಸುತ್ತಾ ಒರೆಸುತ್ತಾ ನಿಂತೇ ಇದ್ದರು. ಕೈ ಆಗಲೇ ಸ್ವಚ್ಛವಾಗಿತ್ತು.

ಮೂರನೆಯ ದಿನ ಕೋಲು ಹದಿನಾರೂಮುಕ್ಕಾಲು ತೋರಿಸಿತು. ಒಂದೂವರೆ ಇಳಿಯಬೇಕಾದಲ್ಲಿ ಒಂದೂಮುಕ್ಕಾಲು ಇಳಿದಿತ್ತು. ಆತ ಕೋಲನ್ನು ಒರೆಸಿ ಮತ್ತೆ ಇಳಿಸಿದ. ಅಷ್ಟೇ. ಕಾಲು ಇಂಚು ಎಲ್ಲಿ ಹೋಯಿತು? ಅಂದಿನಿಂದ ಆತನಿಗೆ ಕೂತಲ್ಲಿ ಕೂರಲಾಗಲಿಲ್ಲ. ದ್ವೀಪದ ಆರುನೂರು ಹೆಜ್ಜೆಯನ್ನು ಹೋಗುವಾಗ ಎಣಿಸಿದ, ಬರುವಾಗ ಎಣಿಸಿದ. ಬೆಂಕಿ ಹಾಕಿದವರ ಹತ್ತಿರ ಹೋಗಿ ಹೊಗೆ ಸಾಲದು ಎಂದ. ದೂರದವರಿಗೆ ಕಾಣಲೆಂದು ಹಾಸಿಗೆ ಬಟ್ಟೆ ಕಟ್ಟಿದ್ದ ಕಂಬವನ್ನು ಎರಡು ಸಲ ಕಿತ್ತು ಎರಡು ಸಲ ನೆಟ್ಟ. ನೀರು ಹಂಚುವಾಗ ಪ್ರತಿಯೊಬ್ಬರ ಗಂಟಲು ಏರಿ ಇಳಿಯುವುದನ್ನು ನೋಡುತ್ತಾ ನಿಂತ.

"ಕೂತ್ಕೊಳ್ಳೋ ಮಗಾ," ಎಂದಳು ಅಜ್ಜಿ. "ನೀನು ಓಡಾಡಿದ್ರೆ ನಂಗೆ ಬಾಯಾರುತ್ತೆ."

ನಾಲ್ಕನೆಯ ದಿನ ಹದಿನೈದು. ಮತ್ತೆ ಒಂದೂಮುಕ್ಕಾಲು. ಲೋಟಗಳನ್ನು ಆತನೇ ತುಂಬಿ ಕೊಟ್ಟಿದ್ದ. ಒಂದು ಹನಿಯೂ ಹೆಚ್ಚಿಗೆ ಹೋಗಿರಲಿಲ್ಲ. ಹಾಗಾದರೆ ಯಾರೋ ಕದಿಯುತ್ತಿದ್ದಾರೆ. ಟ್ಯಾಂಕಿನ ಮುಚ್ಚಳದ ಪಕ್ಕದಲ್ಲೇ ಮಲಗುತ್ತಿದ್ದವನು ದರ್ಜಿ. ಯಾರ ಜೊತೆಗೂ ಹೆಚ್ಚು ಮಾತಾಡದ, ತಲೆಯ ಕೆಳಗೆ ಚೀಲ ಇಟ್ಟುಕೊಂಡೇ ಮಲಗುವ ಮನುಷ್ಯ.

"ಆ ಚೀಲ ತೆಗೀರಿ," ಎಂದ ಆತ, ಎಲ್ಲರೆದುರಿಗೆ.

"ಯಾಕೆ ಸಾಹೇಬ್ರೆ?"

"ತೆಗೀರಿ ಅಂದೆ."

ದರ್ಜಿ ತೆಗೆದ. ಕತ್ತರಿ, ಅಳತೆ ಟೇಪು, ಸೀಮೆಸುಣ್ಣ, ಅರ್ಧ ಹೊಲಿದ ಒಂದು ಮಗುವಿನ ಲಂಗ. ತಳದಲ್ಲಿ ಬಿರಡೆ ಹಾಕಿದ ಒಂದು ಬಾಟಲಿ. ಯಾರೋ "ಹಾಂ!" ಎಂದರು. ಆತ ಬಿರಡೆ ಕಿತ್ತು ಮೂಸಿದ. ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆ.

ಕೆಲವರು ನಕ್ಕರು. ದರ್ಜಿ ನಗಲಿಲ್ಲ. ಒಂದೊಂದೇ ವಸ್ತುವನ್ನು ಚೀಲಕ್ಕೆ ವಾಪಸು ಹಾಕಿದ; ಲಂಗವನ್ನು ಮಾತ್ರ ಎರಡು ಸಲ ಮಡಿಸಿ ಹಾಕಿದ. ಆತ ಕ್ಷಮೆ ಕೇಳಲಿಲ್ಲ. ಎಣ್ಣೆ ಸಿಕ್ಕಿತೆಂದ ಮಾತ್ರಕ್ಕೆ ನೀರು ಕದ್ದಿಲ್ಲ ಎಂದು ಸಾಬೀತಾಗಲಿಲ್ಲವಲ್ಲ ಎಂದುಕೊಂಡ. ಮುಚ್ಚಳಕ್ಕೆ ಬೀಗ ಹಾಕಿ ಕೀಲಿಯನ್ನು ಅಂಗಿಯ ಜೇಬಿಗಿಳಿಸಿದ. ಆಮೇಲೆ ಆ ಮುಚ್ಚಳದ ಮೇಲೆಯೇ ಮಲಗಿದ. ಅಂದಿನಿಂದ ಜನ ದರ್ಜಿಯ ಪಕ್ಕ ಕೂರುವುದನ್ನು ಬಿಟ್ಟರು. ಬಿಸ್ಕತ್ತು ಕೊಡುವವಳು ಅವನ ಪಾಲನ್ನು ನೆಲದ ಮೇಲಿಟ್ಟು ಹೋದಳು.

ಐದನೆಯ ದಿನ ಮಧ್ಯಾಹ್ನ ಕೋಲು ಹದಿಮೂರು ತೋರಿಸಿತು. ಎರಡು ಇಂಚು.

ಬೀಗ ಹಾಕಿದ್ದ ಹಾಗೇ ಇತ್ತು. ಕೀಲಿ ಜೇಬಿನಲ್ಲಿತ್ತು. ಮುಚ್ಚಳದ ಮೇಲೆ ಆತನೇ ಇದ್ದ. ಟ್ಯಾಂಕು ಸೋರುತ್ತಿದೆಯೇ? ಕೆಳಗೆ ನುಸುಳಿ ಕೈಯಾಡಿಸಿ ನೋಡಿದ, ತಗಡು ಒಣಗಿತ್ತು. ಕಳ್ಳನಿಲ್ಲ, ಸೋರಿಕೆಯಿಲ್ಲ, ಲೋಟದ ಸಂಖ್ಯೆ ಬದಲಾಗಿಲ್ಲ. ಆದರೂ ನೀರು ದಿನದಿನಕ್ಕೆ ಹೆಚ್ಚು ಹೆಚ್ಚು ಇಳಿಯುತ್ತಿದೆ. ಆತ ಲಾಂಚಿನಿಂದ ಇಳಿದ.

ಇಳಿತದ ಹೊತ್ತು. ಸಮುದ್ರ ಹಿಂದೆ ಸರಿದು ಬಂಡೆಯ ಪಾಚಿ ಬಿಸಿಲಿಗೆ ಹೊಳೆಯುತ್ತಿತ್ತು. ಆತ ಲಾಂಚಿನ ಮುಂಭಾಗಕ್ಕೆ ಬಂದು ತಲೆಯೆತ್ತಿದ. ಲಾಂಚನ್ನು ಕೆಳಗಿನಿಂದ ನೋಡಿದ್ದು ಅದೇ ಮೊದಲು. ಮೇಲೆ ಅಗಲವಾಗಿ, ಕೆಳಕೆಳಗೆ ಸಪುರವಾಗುತ್ತಾ, ತಳದಲ್ಲಿ ಒಂದು ದಿಮ್ಮಿಯ ದಪ್ಪಕ್ಕೆ ಬಂದು ನಿಂತ ಹೊಟ್ಟೆ. ಆರು ವರ್ಷ ಕಿಟಕಿಯಿಂದ ಚಾವಣಿ ನೋಡಿದವನಿಗೆ ಇದು ಗೊತ್ತಿರಲಿಲ್ಲ. ಟ್ಯಾಂಕು ಇರುವುದು ಈ ಹೊಟ್ಟೆಯ ಒಳಗೆ. ಅದರ ಗೋಡೆಗಳು ಹೊಟ್ಟೆಯ ಗೋಡೆಗಳ ಜೊತೆಗೇ ಓರೆಯಾಗಿ ಇಳಿಯಬೇಕು. ಹಾಗಿದ್ದರೆ ಮೇಲಿನ ಒಂದು ಇಂಚಿನಲ್ಲಿರುವಷ್ಟು ನೀರು ಕೆಳಗಿನ ಒಂದು ಇಂಚಿನಲ್ಲಿ ಇರಲಾರದು. ಕೋಲು ಹೇಳುತ್ತಿದ್ದದ್ದು ಎತ್ತರವನ್ನು. ಅರ್ಧಕ್ಕಿಂತ ಮೇಲಿದೆ ಎಂದು ಆತ ಅಂದುಕೊಂಡದ್ದು ನಿಜದಲ್ಲಿ ಕಾಲುಭಾಗಕ್ಕಿಂತ ತುಸುವೇ ಹೆಚ್ಚು.

ಮೇಸ್ತ್ರಿ ಹಿಂಭಾಗದಲ್ಲಿ ಮುರಿದ ಹಲಗೆಗಳನ್ನು ಉರುವಲಿಗೆ ಸೀಳುತ್ತಿದ್ದರು.

"ಮೇಸ್ತ್ರಿ, ಟ್ಯಾಂಕು ಚೌಕವಾಗಿದೆಯಾ?"

ಕೊಡಲಿ ನಿಂತಿತು. "ಇಲ್ಲ ಸಾಹೇಬ್ರೆ. ತಳ ಚೂಪು."

"ಗೊತ್ತಿತ್ತಾ?"

"ನಾನೇ ಕೂರ್ಸಿದ್ದಲ್ವಾ."

"ಮತ್ತೆ ಯಾಕೆ ಹೇಳಲಿಲ್ಲ? ನಾನು ಹನ್ನೆರಡು ದಿನ ಅಂತ ಕೂಗಿದಾಗ ಅಲ್ಲೇ ನಿಂತಿದ್ರಲ್ಲ!"

"ನೀವು ಪೆಟ್ಟಿಗೆ ಮೇಲೆ ಹತ್ತಿ ಹೇಳ್ಬಿಟ್ರಿ. ಎಲ್ಲರ ಮುಂದೆ ಧಣಿ ಮಗನಿಗೆ ತಪ್ಪು ಅನ್ನೋಕೆ ಬಾಯಿ ಬರಲಿಲ್ಲ. ಆಮೇಲೆ ಒಂಟಿಯಾಗಿ ಹೇಳೋಣ ಅಂದ್ರೆ ನೀವು ಒಂದು ಕಡೆ ನಿಲ್ಲಲ್ಲ. ಇನ್ನೊಂದು, ಕೋಲು ನಮಗೆ ತುಂಬಿಸ್ಬೇಕಾ ಬೇಡ್ವಾ ಅಂತ ನೋಡೋಕೆ ಮಾತ್ರ. ಎಷ್ಟು ದಿನ ಬರುತ್ತೆ ಅಂತ ಅದರಲ್ಲಿ ಯಾರೂ ಅಳೆದೇ ಇಲ್ಲ. ನನ್ನ ಲೆಕ್ಕ ತಪ್ಪಿ ನಿಮ್ಮದೇ ಸರಿ ಇದ್ರೆ ಅಂತ ಅಳುಕು."

ಆತ ಒಂದು ಕಲ್ಲಿನ ಮೇಲೆ ಕೂತ, ಎದ್ದ, ಮತ್ತೆ ಕೂತ. ಚಾಲಕನ "ಆಗ್ಲಿ ಸಾಹೇಬ್ರೆ" ನೆನಪಾಯಿತು. ಇಬ್ಬರೂ ಒಂದೇ ಕಾರಣಕ್ಕೆ ಸುಮ್ಮನಿದ್ದರು. ಆ ಕಾರಣ ತಾನೇ.

"ಈಗಿರೋ ನೀರು ದಿನಕ್ಕೆ ಏಳು ಲೋಟದ ಹಾಗೆ ಮೂರು ದಿನಕ್ಕೂ ಸಾಲಲ್ಲ," ಎಂದ. "ದೋಣಿಗೆ ಇನ್ನೂ ಏಳು ದಿನ. ಹೇಳ್ಬೇಕು."

ಮೇಸ್ತ್ರಿ ಸುತ್ತ ನೋಡಿ ದನಿ ತಗ್ಗಿಸಿದರು. "ಲೋಟ ಕಮ್ಮಿ ಮಾಡಿ. ಕಾರಣ ಹೇಳ್ಬೇಡಿ. ಕಳ್ಳ ಕುಡಿದುಬಿಟ್ಟ ಅಂತ ಜನ ಆಗಲೇ ನಂಬಿದ್ದಾರೆ. ಸಿಟ್ಟಿದ್ರೆ ಮನುಷ್ಯ ಹೇಗೋ ತಡ್ಕೊಂಡಿರ್ತಾನೆ. ಲೆಕ್ಕಾನೇ ತಪ್ಪು ಅಂದ್ರೆ ಎದೆ ಒಡ್ಕೊಳ್ತಾರೆ. ಆಮೇಲೆ ನಿಮ್ಮ ಮಾತು ಯಾರು ಕೇಳ್ತಾರೆ? ಬೀಗ ಒಡೆದು ಒಂದೇ ದಿನದಲ್ಲಿ ಕುಡಿದು ಮುಗಿಸ್ತಾರೆ."

ಅದು ಪೊಳ್ಳು ಮಾತಾಗಿರಲಿಲ್ಲ. ಅದಕ್ಕೇ ಆತನಿಗೆ ಹೆದರಿಕೆಯಾದದ್ದು. ದರ್ಜಿ ಹೇಗೂ ಮಾತಾಡುವುದಿಲ್ಲ. ಏಳು ದಿನ ಕಳ್ಳನಾಗಿದ್ದರೆ ಹದಿನಾಲ್ಕು ಜೀವ ಉಳಿಯುತ್ತವೆ ಎನ್ನಬಹುದು. ಕಾಗದದ ಮೇಲೆ ಲೆಕ್ಕ ಕೂಡುತ್ತಿತ್ತು. ಆದರೆ ನಾಳೆ ಮತ್ತೊಂದು ಲೆಕ್ಕ ತಪ್ಪಿದರೆ ಹೇಳುವವರು ಯಾರು? ಈಗಾಗಲೇ ಇಬ್ಬರು ಸುಮ್ಮನಿದ್ದು ಇಲ್ಲಿಗೆ ಬಂದಿದ್ದೇವೆ. ಆತ ದ್ವೀಪದ ಆ ತುದಿಗೆ ನಡೆದ. ಈ ಸಲ ಹೆಜ್ಜೆ ಎಣಿಸಲಿಲ್ಲ. ವಾಪಸು ಬಂದವನು, "ಬಕೆಟ್ಟು ತಗೊಳ್ಳಿ ಮೇಸ್ತ್ರಿ," ಎಂದ.

ಎಲ್ಲರನ್ನೂ ಕರೆಸಿದ. ಪೆಟ್ಟಿಗೆ ಅಲ್ಲೇ ಇತ್ತು, ಹತ್ತಲಿಲ್ಲ.

"ನೀರು ಯಾರೂ ಕದ್ದಿಲ್ಲ. ನನ್ನ ಲೆಕ್ಕ ತಪ್ಪು. ಟ್ಯಾಂಕಿನ ತಳ ಚೂಪಾಗಿದೆ, ನಾನು ಪೆಟ್ಟಿಗೆ ಥರ ಇದೆ ಅಂದ್ಕೊಂಡೆ. ಹನ್ನೆರಡು ದಿನ ಬರಲ್ಲ." ದರ್ಜಿಯ ಕಡೆ ತಿರುಗಿದ. "ನಿಮ್ಮ ಚೀಲ ತೆಗೆಸಿದ್ದು ನನ್ನ ತಪ್ಪು. ಎಲ್ಲರ ಮುಂದೆ ತೆಗೆಸಿದೆ, ಅದಕ್ಕೇ ಎಲ್ಲರ ಮುಂದೆ ಹೇಳ್ತಿದೀನಿ."

ಒಮ್ಮೆಲೇ ಗಲಾಟೆ. ಐಸ್ ಕಾರ್ಖಾನೆಯವನೊಬ್ಬ, "ಇವನಪ್ಪ ಲಾಂಚು ಮಾಡಿದ, ಇವನು ನಮ್ಮನ್ನ ಒಣಮೀನು ಮಾಡ್ತಾನೆ!" ಎಂದು ಕೂಗಿದ. ಇನ್ನೊಬ್ಬಳು ಅಳಲು ಶುರುಮಾಡಿದಳು. ಮೂರು ಜನ ಮುಚ್ಚಳದ ಕಡೆಗೆ ನುಗ್ಗಿದರು. ಮೇಸ್ತ್ರಿ ಹೇಳಿದ್ದೇ ಆಗುತ್ತಿತ್ತು.

"ಅಳ್ಬೇಡವೇ," ಎಂದಳು ಅಜ್ಜಿ ಆ ಹೆಂಗಸಿಗೆ. "ಇರೋ ನೀರನ್ನ ಕಣ್ಣಿಂದ ಚೆಲ್ಲಿದ್ರೆ ವಾಪಸು ಕೊಡೋಕೆ ಇಸ್ತ್ರಿ ಹತ್ರ ಇಲ್ಲ."

ಅಷ್ಟರಲ್ಲಿ ದರ್ಜಿ ಎದ್ದು ಬಂದು, ನುಗ್ಗಿದವರ ಮುಂದೆಯೇ ಆತನೆದುರು ಕೈ ಚಾಚಿದ. "ಕೀಲಿ."

ಆತ ಜೇಬಿನಿಂದ ತೆಗೆದು ಕೊಟ್ಟ.

"ಮೇಲಿಂದ ಕೆಳಗೆ ಒಂದೇ ಅಗಲ ಅಂದ್ಕೊಂಡು ಹೊಲಿದ್ರೆ ಅದು ಅಂಗಿ ಆಗಲ್ಲ ಸಾಹೇಬ್ರೆ, ದಿಂಬಿನ ಚೀಲ ಆಗುತ್ತೆ," ಎಂದ ದರ್ಜಿ. ಐದು ದಿನದಲ್ಲಿ ಅವನ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ನುಗ್ಗಿ ಬಂದವರಲ್ಲೇ ಒಬ್ಬನಿಗೆ ನಗು ತಡೆಯಲಾಗಲಿಲ್ಲ. ಕಳ್ಳನೆಂದುಕೊಂಡವನ ಕೈಯಲ್ಲಿ ಕೀಲಿ ಇರುವಾಗ ಅವನನ್ನು ತಳ್ಳಿ ಬೀಗ ಒಡೆಯಲು ಯಾರಿಗೂ ಮುಖವಿರಲಿಲ್ಲ. "ಎಲ್ಲರೂ ನೋಡ್ಲಿ. ಖಾಲಿ ಮಾಡಿ ಅಳೆಯೋಣ."

ಹತ್ತು ಲೀಟರಿನ ಬಕೆಟ್ಟಿನಲ್ಲಿ ಟ್ಯಾಂಕಿನ ನೀರೆಲ್ಲ ಮೇಲೆ ಬಂತು. ಐದು ಬಕೆಟ್ಟು ತುಂಬಿ, ಆರನೆಯದು ಅರ್ಧಕ್ಕಿಂತ ತುಸು ಮೇಲೆ. ಲೋಟದಲ್ಲಿ ಅಳೆದರೆ ಇನ್ನೂರ ಎಂಬತ್ತು. ನೀರನ್ನು ಮತ್ತೆ ಟ್ಯಾಂಕಿಗೆ ಸುರಿದು ಬೀಗ ಹಾಕಿ, ದರ್ಜಿ ಆ ಸಂಖ್ಯೆಯನ್ನು ಸೀಮೆಸುಣ್ಣದಿಂದ ಕ್ಯಾಬಿನ್ನಿನ ಗೋಡೆಯ ಮೇಲೆ ಬರೆದ. ನರ್ಸಮ್ಮ, "ಜ್ವರ ಇರೋ ಚಾಲಕನಿಗೆ ದಿನಕ್ಕೆ ಐದು ಬೇಕೇ ಬೇಕು. ಅದರಲ್ಲಿ ಚೌಕಾಸಿ ಇಲ್ಲ," ಎಂದಳು. ಉಳಿದ ಹದಿಮೂರು ಮಂದಿಗೆ ಎಷ್ಟು ಎಂದು ಆತ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆದರೆ ಹೇಳದೆ, "ನೀವು ಹಾಕಿ ನೋಡಿ," ಎಂದ ಮೇಸ್ತ್ರಿಗೆ. ಮೇಸ್ತ್ರಿ ಬೆರಳು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, "ತಲೆಗೆ ಎರಡೂವರೆ," ಎಂದರು. ಆತನದೂ ಅಷ್ಟೇ ಬಂದಿತ್ತು. ಮಧ್ಯಾಹ್ನ ಒಂದು, ಸಂಜೆ ಒಂದು, ಮರುದಿನ ಬೆಳಗ್ಗೆ ಅರ್ಧ.

ಆ ಏಳು ದಿನ ಹೇಗೆ ಕಳೆದವು ಎಂದು ಯಾರೂ ಸರಿಯಾಗಿ ಹೇಳುವುದಿಲ್ಲ. ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಬಿಸ್ಕತ್ತು ಮರಳಿನಂತಾಗಿ, ಎಂಟು ಪೆಟ್ಟಿಗೆಯಲ್ಲಿ ಆರು ಹಾಗೇ ಉಳಿದವು. ಬಿಸಿಲಿಗೆ ಎಲ್ಲರೂ ಲಾಂಚಿನ ನೆರಳಿಗೆ ಸರಿದು, ನೆರಳು ಸರಿದ ಹಾಗೆ ತಾವೂ ಸರಿದರು. ಆತನ ಅಂಗಿ ಚಾಲಕನ ಭುಜದ ಪಟ್ಟಿಯಾಗಿತ್ತು. ಆತ ಆಗಲೂ ಓಡಾಡುತ್ತಿದ್ದ. ಸಮುದ್ರ ನೋಡಿ ಬಂದು ಕೂತರೆ ಎರಡು ನಿಮಿಷಕ್ಕೆ ಮತ್ತೆ ಏಳುತ್ತಿದ್ದ. ದೋಣಿ ಒಂದು ದಿನ ತಡವಾದರೆ? ಈ ತಿಂಗಳು ಬರದೇ ಹೋದರೆ? ಆ ಪ್ರಶ್ನೆಯನ್ನು ಆತ ಯಾರಿಗೂ ಹೇಳಲಿಲ್ಲ, ಎಂಟನೆಯ ದಿನದವರೆಗೆ. ಅಂದು ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ, "ನನಗೂ ಅದೇ ಚಿಂತೆ," ಎಂದರು. ಅಷ್ಟಕ್ಕೇ ಆತನಿಗೆ ಅರ್ಧ ಗಂಟೆ ಕಣ್ಣು ಹತ್ತಿತು.

ದರ್ಜಿ ಕೀಲಿ ವಾಪಸು ಕೊಡಲಿಲ್ಲ, ಆತ ಕೇಳಲೂ ಇಲ್ಲ. ಒಂದು ಮಧ್ಯಾಹ್ನ ಆತ ಲೋಟ ಹಿಡಿದು ಬಂದಾಗ ದರ್ಜಿ ತುಂಬಿಸುತ್ತಾ, "ನಿಮ್ಮ ಕ್ಷಮೆ ಬೇಡ ನನಗೆ," ಎಂದ. "ಊರಿಗೆ ಹೋದ್ಮೇಲೆ ಐಸ್ ಕಾರ್ಖಾನೆಯ ಆ ಎಂಟು ಜನಕ್ಕೂ ಮತ್ತೊಂದ್ಸಲ ಹೇಳಿ. ಬಾಯಾರಿದಾಗ ಕೇಳಿದ್ದು ಮರೆತುಹೋಗುತ್ತೆ." ಊರಿಗೆ ಹೋದ ಮೇಲೆ ಆತ ಹೇಳಿದ, ಒಬ್ಬೊಬ್ಬರ ಮನೆಬಾಗಿಲಿಗೆ ಹೋಗಿ. ಇಬ್ಬರು ಬಾಗಿಲು ತೆಗೆಯಲಿಲ್ಲ.

ಆತನಿಗೆ ಈಗ ಅರವತ್ತೆರಡು. ಅಪ್ಪನ ಕಂಪನಿಯ ಯಜಮಾನರಾಗಿ ಇಪ್ಪತ್ತು ವರ್ಷ ಮೇಲಾಯಿತು. ಕಚೇರಿ ಮಹಡಿಯಿಂದ ಕೆಳಗೆ, ಧಕ್ಕೆಯ ಮಟ್ಟಕ್ಕೆ ಬಂದಿದೆ, ಕರೆಗಂಟೆ ಇಲ್ಲ. ಪ್ರತಿ ಲಾಂಚಿನ ನೀರಿನ ಕೋಲಿನ ಮೇಲೆ ಇಂಚಿನ ಬದಲು ಲೋಟದ ಸಂಖ್ಯೆ ಕೊರೆಸಿದ್ದಾರೆ. ಕೆಳಗೆ ಹೋದ ಹಾಗೆ ಗೆರೆಗಳು ದೂರ ದೂರ. ಏನಾದರೂ ತೀರ್ಮಾನ ಹೇಳಿ ಮುಗಿಸಿದ ಮೇಲೆ ಅವರು ಕೋಣೆಯಿಂದ ಹೊರಡುವುದಿಲ್ಲ. ಎದುರಿಗಿರುವವರು ಕೈ ಒರೆಸುತ್ತಾ ನಿಂತಿದ್ದಾರೋ ಎಂದು ನೋಡುತ್ತಾರೆ. ನಿಂತಿದ್ದರೆ, "ಏನು, ಹೇಳಿ," ಎನ್ನುತ್ತಾರೆ. ಕೆಲವೊಮ್ಮೆ ಅದಕ್ಕೇ ಅರ್ಧ ದಿನ ಹೋಗುತ್ತದೆ ಎಂದು ಮಗಳು ಗೊಣಗುತ್ತಾಳೆ. ಕೂತಲ್ಲಿ ಕೂರಲಾಗದ ಅಭ್ಯಾಸ ಮಾತ್ರ ಹೋಗಿಲ್ಲ.

ಅಂದು ದ್ವೀಪದಲ್ಲಿ, ಹನ್ನೆರಡನೆಯ ದಿನ, ಬೆಳಗಿನ ಅರ್ಧ ಲೋಟ ಹಂಚಿ ಮುಗಿದಿತ್ತು. ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ, ಇದು ನರ್ಸಮ್ಮನ ಕೈಗಡಿಯಾರದ ಲೆಕ್ಕ, ತೆಂಕಣ ದಿಕ್ಕಿನಲ್ಲಿ ಕಂದು ಹಾಯಿ ಕಂಡಿತು. ಹಸಿ ಪಾಚಿ ಹಾಕಿ ಹೊಗೆ ಎಬ್ಬಿಸಿದರು. ಹಾಯಿ ತಿರುಗಿತು. ಕೂಗಲು ಯಾರ ಗಂಟಲಲ್ಲೂ ದನಿಯಿರಲಿಲ್ಲ. ಅಜ್ಜಿ ತಟ್ಟೆ ಬಡಿದಳು. ಚಾಲಕ ಗೋಡೆಗೆ ಒರಗಿ, ತಾನಾಗಿಯೇ ಎದ್ದು ಕೂತ. ಉಪ್ಪಿನ ದೋಣಿ ಬಂಡೆಗಳಾಚೆಯೇ ನಿಂತಿತು. ಭರತ ಬಂದು ಸಮುದ್ರದ ನೀರು ಏರದೆ ಅದು ಹತ್ತಿರ ಬರುವ ಹಾಗಿರಲಿಲ್ಲ. ಅದರ ಯಜಮಾನ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ:

"ನಾಲ್ಕು ಗಂಟೆ ಕಾಯ್ಬೇಕು! ಅಲ್ಲೀವರೆಗೆ ನೀರಿದೆಯಾ? ಎಷ್ಟಿದೆ?"

ಎಲ್ಲರೂ ಆತನ ಕಡೆ ನೋಡಿದರು. ಆತನಿಗೆ ಸಂಖ್ಯೆ ಗೊತ್ತಿತ್ತು. ಇನ್ನೂರ ಎಂಬತ್ತರಲ್ಲಿ ಕುಡಿದದ್ದು ಇನ್ನೂರ ಅರವತ್ತೆರಡೂವರೆ. ನರ್ಸಮ್ಮ ಗಾಯ ತೊಳೆಯಲು ತೆಗೆದುಕೊಂಡದ್ದು ಆರು. ಒಂಬತ್ತನೆಯ ದಿನ ಕೈಜಾರಿ ಚೆಲ್ಲಿದ್ದು ಅರ್ಧ. ಆದರೂ ಬಾಯಿ ತೆರೆಯುವ ಮುಂಚೆ ತಿರುಗಿ ನೋಡಿದ. ದರ್ಜಿ ಗೋಡೆಯ ಮೇಲಿನ ಸುಣ್ಣದ ಗೆರೆಗಳ ಮೇಲೆ ಬೆರಳು ಓಡಿಸಿ ತಲೆಯಾಡಿಸಿದ. ಮೇಸ್ತ್ರಿ ಉಳಿದ ನೀರನ್ನು ಎತ್ತಿಟ್ಟಿದ್ದ ಬಕೆಟ್ಟಿನೊಳಗೆ ಬಗ್ಗಿ ನೋಡಿ, ಎದ್ದು, ಅವರೂ ತಲೆಯಾಡಿಸಿದರು. ಆಗ ಆತ ಬಂಡೆಯ ಅಂಚಿಗೆ ಹೋಗಿ, ಒಣಗಿದ ಗಂಟಲಿನಲ್ಲಿ ಇದ್ದಬದ್ದ ದನಿಯನ್ನೆಲ್ಲ ಸೇರಿಸಿ ಕೂಗಿ ಹೇಳಿದ:

"ಹನ್ನೊಂದು ಲೋಟ!"